ಹಣ ಮುಟ್ಟುವುದಿಲ್ಲ, ಸ್ಕ್ಯಾನ್ ಮಾಡಿ

ಮದ್ದು ಕೊಟ್ಟು ಹಣ ಮುಟ್ಟಿದರೆ ಮದ್ದಿನ ಗುಣ ಹೋಗುತ್ತದೆ. ಇದು ನಮ್ಮ ಊರಿನ ಹಳೆಯ ನಂಬಿಕೆ. ಈ ನಂಬಿಕೆಗೆ ಇವತ್ತಿಗೂ ಧಕ್ಕೆ ಬಂದಿಲ್ಲ. ಮಂಗಳೂರಿನಿಂದ ಉಡುಪಿಯವರೆಗೆ ನಾಟಿಮದ್ದಿನ ಪಂಡಿತರು ಯಾರೂ ಹಣ ಮುಟ್ಟುವುದಿಲ್ಲ. ಮೇಜಿನ ಮೇಲೆ ಕ್ಯೂಆರ್ ಕೋಡ್ ಉಂಟು, ನಾವೇ ಸ್ಕ್ಯಾನ್ ಮಾಡಬೇಕು.

"ಫೀಸ್ ಎಷ್ಟು ಪಂಡಿತರೇ?" ಎಂದು ಕೇಳಿದರೆ ಅವರಿಗೆ ಬೇಜಾರಾಗುತ್ತದೆ. "ಛೆ, ಇದು ಸೇವೆ ಮಾರಾಯ್ರೆ. ನಿಮ್ಮ ಮನಸ್ಸಿಗೆ ಬಂದಷ್ಟು ಹಾಕಿ." ಮನಸ್ಸಿಗೆ ಬಂದಷ್ಟು ಹಾಕಲು ಏನೂ ತೊಂದರೆ ಇಲ್ಲ. ತೊಂದರೆ ಇರುವುದು ಕೋಡಿನ ಪಕ್ಕದಲ್ಲಿರುವ ಆ ಸಣ್ಣ ಸ್ಪೀಕರಿನಲ್ಲಿ. ನಿಮ್ಮ ಮನಸ್ಸಿಗೆ ಐವತ್ತೊಂದು ಬಂದಿತ್ತು ಅಂತ ಇಟ್ಟುಕೊಳ್ಳಿ. "ಐವತ್ತೊಂದು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಅದು ಹೊರಗೆ ಕುಳಿತ ಹದಿನೈದು ಜನರಿಗೂ ಕೇಳುವ ಹಾಗೆ ಕೂಗುತ್ತದೆ. ಹದಿನೈದು ಕುತ್ತಿಗೆಗಳು ತಿರುಗುತ್ತವೆ. ಅದರಲ್ಲಿ ಒಂದು ಕುತ್ತಿಗೆ ಆರು ತಿಂಗಳಿಂದ ತಿರುಗುವುದಿಲ್ಲ ಎಂದು ಬಂದದ್ದು. ಅದೂ ತಿರುಗುತ್ತದೆ. ನಿಮ್ಮ ನಂತರದವರ ಮನಸ್ಸಿಗೆ ಐನೂರಕ್ಕಿಂತ ಕಡಿಮೆ ಬರುವುದೇ ಇಲ್ಲ.

ಈ ಪಂಡಿತರು ಯಾರು ಎಂದು ಹುಡುಕಬೇಡಿ. ಒಬ್ಬರಲ್ಲ. ಬಿಜೈಯಲ್ಲಿ ಒಬ್ಬರಿದ್ದರೆ ಸುರತ್ಕಲ್‌ನಲ್ಲಿ ಇನ್ನೊಬ್ಬರು, ಸಂತೆಕಟ್ಟೆಯಲ್ಲಿ ಮತ್ತೊಬ್ಬರು. ಹೆಸರು ಹೇಳದೆ ಬರೆದರೂ ನಾಲ್ಕು ಜನ ಫೋನ್ ಮಾಡಿ "ನನಗೇ ಬರೆದದ್ದಲ್ವಾ?" ಎನ್ನುತ್ತಾರೆ.

ಮೊದಲು ಹೀಗಿರಲಿಲ್ಲ ಎಂದರೆ ನನ್ನ ವಯಸ್ಸು ಗೊತ್ತಾಗುತ್ತದೆ. ಆದರೂ ಹೇಳುತ್ತೇನೆ. ನಾನು ಸಣ್ಣವನಿದ್ದಾಗ ಯಾರಿಗಾದರೂ ಕಾಮಾಲೆ ಬಂದರೆ ಕಿನ್ನಿಗೋಳಿ ಕಡೆಯ ಒಬ್ಬ ಅಜ್ಜಿಯ ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಅಜ್ಜಿ ಕಣ್ಣಿನ ರೆಪ್ಪೆ ಎಳೆದು ನೋಡುತ್ತಿದ್ದರು. ಉಗುರು ಒತ್ತಿ ನೋಡುತ್ತಿದ್ದರು. ಆಮೇಲೆ ಹಿತ್ತಲಿಗೆ ಹೋಗಿ ಏನೋ ಕಿತ್ತು ತರುತ್ತಿದ್ದರು. ಏನು ಎಂದು ಕೇಳಬಾರದು. ಅದು ನೆಲನೆಲ್ಲಿ ಎಂದು ಊರಿಗೆಲ್ಲ ಗೊತ್ತಿತ್ತು, ಆದರೂ ಕೇಳಬಾರದು. ಅರೆದು ಕೊಟ್ಟದ್ದನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯಬೇಕು. ನಾವು ಕೊಡುತ್ತಿದ್ದದ್ದು ಒಂದು ತೆಂಗಿನಕಾಯಿ, ಎರಡು ವೀಳ್ಯದೆಲೆ, ಒಂದು ಅಡಿಕೆ. ಪಥ್ಯ ಮಾತ್ರ ಜೋರು. ಎಣ್ಣೆ ಇಲ್ಲ, ಮೀನಿಲ್ಲ. ಗಂಜಿ ಉಣ್ಣು, ಮಲಗು.

ಕಾಮಾಲೆ ಇಳಿಯುತ್ತಿತ್ತು. ಇಳಿಯದೆ ಏನು? ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅದಕ್ಕೆಂದೇ ಬೇರೆ ಮದ್ದು ದೊಡ್ಡ ಆಸ್ಪತ್ರೆಯಲ್ಲೂ ಇಲ್ಲ. ಆದರೆ ಕಣ್ಣು ಹಳದಿಯಾಗಲು ಇಲಿಜ್ವರವೂ ಸಾಕು, ಪಿತ್ತನಾಳದಲ್ಲಿ ಸಿಕ್ಕಿಕೊಂಡ ಕಲ್ಲೂ ಸಾಕು. ಮಳೆಗಾಲದಲ್ಲಿ ಗದ್ದೆ, ತೋಟ ಎಂದು ಕೆಸರಿಗೆ ಇಳಿಯುವ ನಮ್ಮ ಜಿಲ್ಲೆಗಳಿಗೆ ಇಲಿಜ್ವರ ಹೊಸತಲ್ಲ. ತಡ ಮಾಡಿದರೆ ಕಿಡ್ನಿಯೇ ಹೋಗಬಹುದು. ಅಜ್ಜಿಗೆ ಈ ಹೆಸರುಗಳೆಲ್ಲ ಗೊತ್ತಿರಲಿಲ್ಲ. ಆದರೆ ಮೈ ಸುಡುವ ಜ್ವರ ಇದ್ದವರು ಬಂದರೆ ಹಿತ್ತಲಿಗೆ ಹೋಗುತ್ತಿರಲಿಲ್ಲ. "ಇದು ನನ್ನದಲ್ಲ ಮಗಾ, ಮಣಿಪಾಲಕ್ಕೆ ಕರ್ಕೊಂಡು ಹೋಗು" ಎನ್ನುತ್ತಿದ್ದರು. ನಿಜವಾಗಿ ಫೀಸ್ ಕೊಡಬೇಕಿದ್ದದ್ದು ಆ ಮಾತಿಗೆ.

ಈಗ ನೆಲನೆಲ್ಲಿ ಕ್ಯಾಪ್ಸೂಲ್ ಆಗಿದೆ. ಟೋಕನ್ ಉಂಟು, ಎಸಿ ಉಂಟು, ರಿಸೆಪ್ಷನ್ನಿನಲ್ಲಿ ಹುಡುಗಿ ಉಂಟು. "ಇದು ನನ್ನದಲ್ಲ" ಎಂಬ ಮಾತು ಮಾತ್ರ ಸ್ಟಾಕ್ ಇಲ್ಲ.

ಹಾಗಂತ ಮದ್ದು ಪುಕ್ಕಟೆ ಕೊಡಬೇಕು ಎಂದು ನಾನು ಹೇಳುವುದಿಲ್ಲ. ಮದ್ದು ಪುಕ್ಕಟೆ ಇರಬೇಕು ಎನ್ನುವವರಲ್ಲಿ ಮದ್ದು ತೆಗೆದುಕೊಳ್ಳುವವರೇ ಜಾಸ್ತಿ. ನಮ್ಮ ತುಳುನಾಡಿನ ಹಾಡಿನ ಕಥೆಯನ್ನೇ, ಅಂದರೆ ಪಾಡ್ದನವನ್ನೇ ಕೇಳಿ. ಪಡುಮಲೆಯ ಅರಸ ಬಲ್ಲಾಳರ ಕಾಲಿಗೆ ಮುಳ್ಳು ಚುಚ್ಚಿ ಗಾಯ ಕೊಳೆಯಿತು. ಯಾರಿಂದಲೂ ವಾಸಿಯಾಗಲಿಲ್ಲ. ತುಂಬು ಗರ್ಭಿಣಿ ದೇಯಿ ಬೈದೆತಿ ಬಂದು ಸೊಪ್ಪುಮದ್ದು ಮಾಡಿ ಕಾಲು ಉಳಿಸಿಕೊಟ್ಟರು. ನೋವು ಇರುವಾಗ ಬಲ್ಲಾಳರು ಏನೇನೋ ಕೊಡುತ್ತೇನೆ ಎಂದಿದ್ದರು. ನೋವು ಹೋದ ಮೇಲೆ, ಆ ಮಾತನ್ನು ನೆನಪಿಸಲು ದೇಯಿಯ ಮಕ್ಕಳಾದ ಕೋಟಿ ಚೆನ್ನಯರು ದೊಡ್ಡವರಾಗಿ ಬೀಡಿಗೆ ಹೋಗಿ ಕೇಳಬೇಕಾಯಿತು. ನಮ್ಮ ಊರಿನ ವೈದ್ಯಕೀಯ ಚರಿತ್ರೆಯ ಮೊದಲ ಬಾಕಿ ಬಿಲ್ಲು ಅದು. ಸೇವೆ, ಪುಣ್ಯ ಎಂದು ಹೇಳಿ ಬಡ ವೈದ್ಯರ ಕೂಲಿ ತಿಂದವರು ದೊಡ್ಡ ಮನೆಯವರೇ.

ಇನ್ನೊಂದು ಕಡೆ ಮಂಗಳೂರಿನ ಕಂಕನಾಡಿ ನೋಡಿ. 1880ರಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಅಲ್ಲಿ ಬಡವರಿಗೆಂದು ಹೋಮಿಯೋಪಥಿ ಔಷಧಾಲಯ ಶುರು ಮಾಡಿದರು. ಮದ್ದು ಮಾರಿದರು, ಲಾಭವನ್ನೂ ಮಾಡಿದರು. ಆ ದುಡ್ಡು ಕುಷ್ಠರೋಗಿಗಳ ಆಶ್ರಯಕ್ಕೆ, ಆಸ್ಪತ್ರೆಗೆ ಹೋಯಿತು. ಸಿಹಿ ಗುಳಿಗೆಯೊಳಗೆ ಏನುಂಟು, ಏನಿಲ್ಲ ಎಂಬುದು ಬೇರೆ ಜಗಳ, ಅದನ್ನು ಇನ್ನೊಂದು ದಿನ ಮಾಡುವ. ದುಡ್ಡು ಎಲ್ಲಿಗೆ ಹೋಯಿತು ಎಂಬುದಾದರೂ ಕಣ್ಣಿಗೆ ಕಾಣುತ್ತಿತ್ತು. ಈಗಿನ ಸೇವೆಯ ದುಡ್ಡೂ ಕಣ್ಣಿಗೆ ಕಾಣುತ್ತದೆ, ಇಲ್ಲ ಎನ್ನಲಾಗದು. ಗೇಟಿನ ಒಳಗೆ ನಿಲ್ಲಿಸಿರುತ್ತಾರೆ, ಬಿಳಿ ಬಣ್ಣದ್ದು, ಸನ್‌ರೂಫ್ ಉಂಟು.

ಆಟಿ ಕಷಾಯದ ವಿಷಯಕ್ಕೆ ಬರುತ್ತೇನೆ. ಇದನ್ನು ಬಿಟ್ಟರೆ ಓದುಗರು ನನ್ನನ್ನು ಬಿಡುವುದಿಲ್ಲ. ಆಟಿ ಎಂಬ ತುಳು ತಿಂಗಳ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಪಾಲೆ ಮರದ ಕೆತ್ತೆ, ಅಂದರೆ ತೊಗಟೆ, ತರಬೇಕು. ಕತ್ತಿ ಮುಟ್ಟಿಸಬಾರದು, ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಓಮ, ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಅರೆದು, ಕೆಂಡದಲ್ಲಿ ಕಾಯಿಸಿದ ಬಿಳಿ ಕಲ್ಲನ್ನು ಚುಂಯ್ ಎಂದು ಅದಕ್ಕೆ ಇಳಿಸಬೇಕು. ಕಹಿ ಎಂದರೆ ಅಂಥ ಕಹಿ, ಕುಡಿದವನ ಮುಖ ನೋಡಿಯೇ ಮಕ್ಕಳು ಓಡಿಹೋಗುತ್ತಾರೆ. ಮೇಲಿನಿಂದ ತಂಪಿಗೆ ಮೆಂತೆ ಗಂಜಿ. ಕತ್ತಲಲ್ಲಿ ಪಾಲೆ ಎಂದುಕೊಂಡು ಕಾಸರಕನ ಕೆತ್ತೆ ತಂದರೆ ಕಥೆ ಮುಗಿಯಿತು, ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ. ಆದ್ದರಿಂದ ಹಿಂದಿನ ದಿನವೇ ಹಗಲಲ್ಲಿ ಹೋಗಿ ಮರ ಗುರುತು ಮಾಡಿ ಬರುತ್ತಾರೆ. ಖರ್ಚು ಏನೂ ಇಲ್ಲ. ಪಕ್ಕದ ಮನೆಯವರು ಜಾಸ್ತಿ ಮಾಡಿದರೆ ನಮಗೂ ಒಂದು ಲೋಟ ಬರುತ್ತದೆ. ಸಂಘ ಸಂಸ್ಥೆಗಳೂ ಪುಕ್ಕಟೆ ಹಂಚುತ್ತವೆ, ಭಾಷಣ ಕೇಳಬೇಕು ಅಷ್ಟೆ.

ಆ ಒಂದು ದಿನ ಆ ಮರದಲ್ಲಿ ಸಾವಿರದೊಂದು ಔಷಧ ಸೇರಿಕೊಳ್ಳುತ್ತದೆ ಎಂದು ಹಿರಿಯರು ಹೇಳುತ್ತಾರೆ. ಮರುದಿನ ಇಲ್ಲ. ಆದರೆ ಈಗ ಬಾಟಲಿ ಬಂದಿದೆ ನೋಡಿ. 200 ಎಂಎಲ್‌ಗೆ 349 ರೂಪಾಯಿ. "ತಯಾರಿಸಿದ ದಿನದಿಂದ 18 ತಿಂಗಳ ಒಳಗೆ ಬಳಸಿ" ಎಂದು ಬರೆದಿದೆ. ಮರಕ್ಕೆ ಒಂದೇ ದಿನ ಹಿಡಿದಿಟ್ಟುಕೊಳ್ಳಲು ಆದದ್ದನ್ನು ಪ್ಲಾಸ್ಟಿಕ್ ಬಾಟಲಿ ಒಂದೂವರೆ ವರ್ಷ ಹಿಡಿದಿಟ್ಟುಕೊಂಡಿದೆ. ಹಬ್ಬಕ್ಕೆ 10 ಪರ್ಸೆಂಟ್ ಡಿಸ್ಕೌಂಟ್ ಇತ್ತು, ಅಂದರೆ ಔಷಧ ಸುಮಾರು ಒಂಬೈನೂರಕ್ಕೆ ಇಳಿದಿರಬೇಕು. ಮತ್ತೆ, ಈ ಬಾಟಲಿಯಲ್ಲಿರುವುದು ಕಹಿ ಅಲ್ಲ. ಸ್ಟ್ರಾಬೆರಿ ಫ್ಲೇವರ್.

ಬಾಟಲಿಯ ಮುಂದುಗಡೆ ಒಬ್ಬ ಋಷಿ, ಒಂದು ಹೃದಯ, ಎರಡು ಕಿಡ್ನಿ, ಒಂದು ಮೊಣಕಾಲು. ಹಿಂದುಗಡೆ ಸಣ್ಣ ಅಕ್ಷರದಲ್ಲಿ: "ಇದು ಔಷಧವಲ್ಲ. ಯಾವುದೇ ರೋಗವನ್ನು ಗುಣಪಡಿಸುವ ಉದ್ದೇಶ ಇದಕ್ಕಿಲ್ಲ." ಅಕ್ಷರ ಎಷ್ಟು ಸಣ್ಣದೆಂದರೆ, ಅದೇ ಕಂಪನಿಯ ಕಣ್ಣಿನ ಹನಿ ಹಾಕಿಕೊಂಡರೂ ಓದಲಾಗುವುದಿಲ್ಲ.

ಇದೆಲ್ಲ ನಿಲ್ಲಿಸಲು ಕಾನೂನು ಇಲ್ಲವೇ? ಉಂಟು. 1954ರಲ್ಲೇ ಬಂದಿದೆ, ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ. ಅದರ ಪಟ್ಟಿಯಲ್ಲಿ 54 ತೊಂದರೆಗಳ ಹೆಸರಿದೆ. ಮಧುಮೇಹ, ಕ್ಯಾನ್ಸರ್, ಬೊಜ್ಜು, ಕಿಡ್ನಿ ಕಲ್ಲು, ಕುಳ್ಳಗಿರುವವರನ್ನು ಎತ್ತರ ಮಾಡುವುದು ಕೂಡ. ಇವುಗಳನ್ನು ಗುಣ ಮಾಡುತ್ತೇವೆ ಎಂದು ಜಾಹೀರಾತು ಕೊಟ್ಟರೆ ಮೊದಲ ಸಲ ಆರು ತಿಂಗಳವರೆಗೆ ಜೈಲು ಅಥವಾ ದಂಡ. ತಾಯತಕ್ಕೂ ಇದು ಅನ್ವಯ. ಕಾನೂನು ಗಟ್ಟಿಯಾಗಿಯೇ ಉಂಟು, ಆದರೆ ನಮ್ಮವರು ಸಾಹಿತ್ಯದಲ್ಲಿ ಮುಂದೆ. "ಸಕ್ಕರೆ ಕಾಯಿಲೆ ಗುಣವಾಗುತ್ತದೆ" ಎಂದು ಬರೆದರೆ ಕೇಸು. "ಸಿಹಿಯನ್ನು ಮತ್ತೆ ಸವಿಯಿರಿ" ಎಂದು ಬರೆದರೆ ಕವಿತೆ. ಸಿಟಿ ಬಸ್ಸಿನ ಹಿಂದೆ ಈಗ ಇಂಥ ಕವಿತೆಗಳದ್ದೇ ಕಾರುಬಾರು.

ದೊಡ್ಡವರದ್ದು ದೊಡ್ಡ ಮಟ್ಟದಲ್ಲೇ ನಡೆಯುತ್ತದೆ. 2024ರ ಏಪ್ರಿಲ್‌ನಲ್ಲಿ, ದಾರಿ ತಪ್ಪಿಸುವ ಜಾಹೀರಾತಿನ ಕೇಸಿನಲ್ಲಿ ಪತಂಜಲಿಯವರು ಸುಪ್ರೀಂ ಕೋರ್ಟಿನ ಮುಂದೆ, ಪತ್ರಿಕೆಗಳಲ್ಲಿ ಕ್ಷಮೆ ಕೇಳಿ ಪ್ರಕಟಣೆ ಕೊಟ್ಟಿದ್ದೇವೆ ಎಂದರು. ನಿಮ್ಮ ಜಾಹೀರಾತು ಎಷ್ಟು ದೊಡ್ಡದಿರುತ್ತದೋ ಕ್ಷಮೆಯೂ ಅಷ್ಟೇ ದೊಡ್ಡದಿದೆಯೇ ಎಂದು ನ್ಯಾಯಾಲಯ ಕೇಳಿತು. ಈ ಅಳತೆ ನಮ್ಮ ಊರಿಗೂ ಬಂದರೆ ಚೆನ್ನ. ಮಂಗಳೂರಿನ ಪಂಪ್‌ವೆಲ್ಲಿನ ಫ್ಲೆಕ್ಸುಗಳಿಗೆ ಮೂರು ತಿಂಗಳು ಜಾಗ ಸಿಗಲಿಕ್ಕಿಲ್ಲ.

ಕಷಾಯ, ಎಣ್ಣೆ, ಪುಡಿ ಮಾರಲಿ, ಅದರಿಂದ ಮೊಣಕಾಲಿಗೆ ಸ್ವಲ್ಪ ಹಾಯೆನಿಸಿದರೆ ಯಾರಿಗೆ ಏನು ನಷ್ಟ? ನನ್ನ ತಕರಾರು ಪುಡಿಯ ಜೊತೆ ಪುಕ್ಕಟೆ ಬರುವ ಸಲಹೆಯ ಮೇಲೆ. "ಮೊದಲು ಆ ಇಂಗ್ಲಿಷ್ ಮದ್ದು ನಿಲ್ಲಿಸಿ." ಬಿಪಿ ಗುಳಿಗೆ ನಿಲ್ಲಿಸುತ್ತಾರೆ. ಇನ್ಸುಲಿನ್ ನಿಲ್ಲಿಸುತ್ತಾರೆ. ಟೈಪ್ ಒನ್ ಮಧುಮೇಹ ಇರುವ ಮಗುವಿಗೆ ಇನ್ಸುಲಿನ್ ತಪ್ಪಿದರೆ ಕೆಲವೇ ದಿನದಲ್ಲಿ ಜೀವಕ್ಕೇ ಕುತ್ತು ಬರುತ್ತದೆ. ಇಲ್ಲಿ ನಗಲಿಕ್ಕೆ ಏನೂ ಇಲ್ಲ.

ಆಮೇಲೆ ಲೆಕ್ಕ ಬರೆಯುವ ಕ್ರಮ ನೋಡಿ. ರೋಗಿ ಗುಣವಾದರೆ ನಮ್ಮ ಮದ್ದು. ಆಗದಿದ್ದರೆ ನೀವು ಪಥ್ಯ ಸರಿ ಮಾಡಲಿಲ್ಲ. ಆಸ್ಪತ್ರೆಗೆ ಹೋಗಿ ಸತ್ತರೆ ಆಸ್ಪತ್ರೆಯವರು ಕೊಂದರು. ಆಸ್ಪತ್ರೆಗೆ ಹೋಗಿ ಉಳಿದರೆ, ಮೊದಲು ಕುಡಿದ ಕಷಾಯ ಈಗ ಕೆಲಸ ಮಾಡಿತು. ಐದು ದೊಡ್ಡ ಬ್ಯಾಂಕುಗಳನ್ನು ಹುಟ್ಟಿಸಿದ ನೆಲ ಇದು. ಇಂಥ ಲೆಕ್ಕಪುಸ್ತಕ ಯಾವ ಬ್ಯಾಂಕಿನಲ್ಲೂ ಪಾಸಾಗುತ್ತಿರಲಿಲ್ಲ. ನನಗೆ ಗೊತ್ತಿರುವ ಒಬ್ಬ ಅಕ್ಕ ಧೈರ್ಯ ಮಾಡಿ, "ಇನ್ಸುಲಿನ್ ನಿಲ್ಲಿಸಲು ಹೇಳಿದ್ದೀರಲ್ಲ ಪಂಡಿತರೇ, ಅದನ್ನೇ ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಡಿ" ಎಂದರು. ಪಂಡಿತರು ಗಾಬರಿಯಾದರು. ಬರೆದು ಕೊಟ್ಟರೆ ಮದ್ದಿನ ಗುಣ ಹೋಗುತ್ತದಂತೆ.

ಪಾಪ ಅನಿಸುವುದು ಕುತ್ಪಾಡಿಯ ಮಕ್ಕಳ ಬಗ್ಗೆ. ಉಡುಪಿಯ ಪಕ್ಕದಲ್ಲಿ 1958ರಿಂದ ಆಯುರ್ವೇದ ಕಾಲೇಜು ಉಂಟು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಓದಿ, ಹೆಣ ಕೊಯ್ದು, ಸಂಸ್ಕೃತ ಶ್ಲೋಕ ಬಾಯಿಪಾಠ ಮಾಡಿ ಹೊರಗೆ ಬರುವ ಹುಡುಗಿ ಸಣ್ಣ ಕ್ಲಿನಿಕ್ ಹಾಕುತ್ತಾಳೆ. ಖಾಸಗಿ ಕ್ಲಿನಿಕ್‌ಗಳ ಕೆಪಿಎಂಇ ಕಾಯ್ದೆಯಂತೆ ನೋಂದಣಿ ಮಾಡಿಸುತ್ತಾಳೆ, ದರಪಟ್ಟಿ ಗೋಡೆಗೆ ಹಾಕುತ್ತಾಳೆ. "ಎಷ್ಟು ಗುಣವಾಗುತ್ತದೆ ಎಂದು ಈಗಲೇ ಹೇಳಲಾಗದು, ಮೊದಲು ರಕ್ತ ಪರೀಕ್ಷೆ ಮಾಡಿಸಿ" ಎಂದು ನಿಜ ಹೇಳುತ್ತಾಳೆ. ಜನ ಎದ್ದು ಪಂಡಿತರ ಕಡೆ ಹೋಗುತ್ತಾರೆ. ಪಂಡಿತರು ಎರಡು ದಿನದ ಶಿಬಿರದಲ್ಲಿ ಕಲಿತವರು. ಗ್ಯಾರಂಟಿ ಕೊಡುತ್ತಾರೆ.

ಈಗ ಆ "ಮನಸ್ಸಿಗೆ ಬಂದಷ್ಟು" ಎಂಬುದರ ಒಳಗುಟ್ಟು. ನಾನು ಅದನ್ನು ಇಷ್ಟು ದಿನ ಬರೀ ನಾಟಕ ಅಂದುಕೊಂಡಿದ್ದೆ. ಬಾರ್ ಅಸೋಸಿಯೇಷನ್ನಿನ ಗೆಳೆಯರೊಬ್ಬರು ವಿವರಿಸಿದ ಮೇಲೆ ಪಂಡಿತರ ಬುದ್ಧಿಗೆ ಕೈ ಮುಗಿದೆ. 1995ರಲ್ಲಿ ಸುಪ್ರೀಂ ಕೋರ್ಟ್ ಡಾಕ್ಟರುಗಳನ್ನೂ ಗ್ರಾಹಕ ಕಾನೂನಿನ ಕೆಳಗೆ ತಂದಿತು. ಆದರೆ ಪುಕ್ಕಟೆ ಮಾಡಿದ ಸೇವೆ ಆ ಕಾನೂನಿನಿಂದ ಹೊರಗೆ. 2019ರ ಹೊಸ ಕಾಯ್ದೆಯಲ್ಲೂ ಹಾಗೆಯೇ. ಅಂದರೆ 200 ರೂಪಾಯಿ ಫೀಸ್ ಪಡೆದು ರಸೀದಿ ಕೊಟ್ಟ ಆ ಹುಡುಗಿಯನ್ನು ಗ್ರಾಹಕರ ಆಯೋಗಕ್ಕೆ ಎಳೆಯಬಹುದು. ಇಪ್ಪತ್ತು ಸಾವಿರ ಕಾಣಿಕೆ ಹಾಕಿಸಿಕೊಂಡ ಪಂಡಿತರು "ನಾನು ಫೀಸೇ ತೆಗೆದುಕೊಂಡಿಲ್ಲ" ಎನ್ನುತ್ತಾರೆ. ಕಾಣಿಕೆ ಎಂದರೆ ಫೀಸೇ ಎಂದು ಸಾಧಿಸಬಹುದು. ಅದಕ್ಕೆ ವಕೀಲರು ಬೇಕು. ವಕೀಲರು ಮನಸ್ಸಿಗೆ ಬಂದಷ್ಟಕ್ಕೆ ಬರುವುದಿಲ್ಲ.

ನಮ್ಮ ಬೀದಿಯ ನಿವೃತ್ತ ಬ್ಯಾಂಕ್ ಮ್ಯಾನೇಜರರು ಮೂರು ತಿಂಗಳ ಮೊಣಕಾಲಿನ ಕೋರ್ಸ್ ಮುಗಿಸಿ, ಕುಂಟುತ್ತಲೇ ಹೋಗಿ ಹಣ ವಾಪಸ್ ಕೇಳಿದರು.

"ದಾನ ಕೊಟ್ಟದ್ದನ್ನು ವಾಪಸ್ ಕೇಳಬಾರದು ಸಾರ್, ದೋಷ ಬರ್ತದೆ" ಎಂದರು ಪಂಡಿತರು.

"ದಾನ ಅಂತ ನೀವೇ ಹೇಳಿದ್ರಲ್ಲ, ಸರಿ" ಎಂದು ಮ್ಯಾನೇಜರರು ಕುರ್ಚಿ ಎಳೆದು ಕುಳಿತರು. "ಹಾಗಾದ್ರೆ 80ಜಿ ರಸೀದಿ ಕೊಡಿ. ದಾನಕ್ಕೆ ಇನ್‌ಕಮ್ ಟ್ಯಾಕ್ಸ್‌ನಲ್ಲಿ ರಿಯಾಯಿತಿ ಉಂಟಲ್ಲ. ಟ್ರಸ್ಟಿನ ಹೆಸರು, ಪಾನ್ ನಂಬರ್, ರಿಜಿಸ್ಟ್ರೇಷನ್ ನಂಬರ್, ಎಲ್ಲ ಕಾಣಬೇಕು."

ಪಂಡಿತರು ಎದ್ದು ಒಳಗೆ ಹೋದರು. ಸುಮಾರು ಹೊತ್ತಿನ ಮೇಲೆ ಕೆಲಸದ ಹುಡುಗ ಬಂದು ಒಂದು ದೊಡ್ಡ ಬಾಟಲಿ ಎಣ್ಣೆ ಮೇಜಿನ ಮೇಲಿಟ್ಟ.

"ಇದು ಫ್ರೀ ಅಂತೆ ಸಾರ್."