ಲಿಮಿಟೆಡ್ ಎಡಿಷನ್ ಎಂದು ಮಾರಿದವರೇ ಇಂದು ಅರ್ಧ ಬೆಲೆಗೂ ಕೊಳ್ಳುವುದಿಲ್ಲ

ಅಂತರರಾಷ್ಟ್ರೀಯ ಕ್ರೀಡಾಕೂಟವೊಂದರ ಸ್ಮರಣಾರ್ಥ ಹೊರತಂದ ಕೈಗಡಿಯಾರವೊಂದನ್ನು ಕೆಲವು ವರ್ಷಗಳ ಹಿಂದೆ ನಾನು ಚೌಕಾಸಿಯನ್ನೂ ಮಾಡದೆ ಕೊಂಡಿದ್ದೆ. ಕಳೆದ ವಾರ ಹಣದ ತುರ್ತು ಬಿದ್ದು ಕೊಂಡ ಅಂಗಡಿಗೇ ಅದನ್ನು ಒಯ್ದಾಗ, ನಾನು ತೆತ್ತ ಬೆಲೆಯ ಮೂರನೇ ಒಂದು ಪಾಲನ್ನಷ್ಟೇ ಕೊಡುವುದಾಗಿ ಹೇಳಿದರು. ಬೆಲೆ ಇಳಿದದ್ದನ್ನು ಹೇಗೋ ಸಹಿಸಬಹುದು. ಆದರೆ ಅಂದು ‘ಇದು ಖರ್ಚಲ್ಲ, ಹೂಡಿಕೆ’ ಎಂದು ನಂಬಿಸಿದವರೇ ಇಂದು ‘ಲಾಂಛನವಿರುವ ಗಡಿಯಾರವನ್ನು ಯಾರು ಕೇಳುತ್ತಾರೆ’ ಎಂದರಲ್ಲ, ಆ ಮಾತನ್ನು ನಾನು ಸಹಿಸಲಾರೆ.

ಲಿಮಿಟೆಡ್, ಅಂದರೆ ಸೀಮಿತ ಎಂಬ ಪದದ ಅರ್ಥವನ್ನೇ ಈ ವ್ಯಾಪಾರ ಕೆಡಿಸಿದೆ. ಟೋಕಿಯೊ 2020 ಒಲಿಂಪಿಕ್ಸ್‌ಗಾಗಿ ಒಮೆಗಾ ಸಂಸ್ಥೆ ತಂದ ಸ್ಪೀಡ್‌ಮಾಸ್ಟರ್ ಕೈಗಡಿಯಾರಗಳ ಸರಣಿಯಲ್ಲಿ ಐದು ಮಾದರಿಗಳಿದ್ದು, ಒಂದೊಂದನ್ನೂ 2020ರ ಸಂಖ್ಯೆಯಲ್ಲಿ ತಯಾರಿಸಲಾಯಿತು. ಎಷ್ಟು ಜನರಿಗೆ ಅದು ಬೇಕಾಗಬಹುದು ಎಂಬ ಲೆಕ್ಕಕ್ಕಿಂತ ಕೂಟ ನಡೆಯಬೇಕಿದ್ದ ಇಸವಿಯೇ ಆ ಸಂಖ್ಯೆಯನ್ನು ನಿರ್ಧರಿಸಿತು. ಕೊಳ್ಳುವವರು ಐನೂರು ಜನರಿದ್ದಾಗ ಎರಡು ಸಾವಿರ ಗಡಿಯಾರಗಳು ಅಪರೂಪವಾಗುವುದಿಲ್ಲ ಎಂಬ ಸರಳ ಲೆಕ್ಕ, ಹಿಂಬದಿಯ ಮುಚ್ಚಳದಲ್ಲಿ ಕೆತ್ತಿದ ಕ್ರಮಸಂಖ್ಯೆಯನ್ನು ಮೊದಲ ಬಾರಿಗೆ ನೋಡುವವನಿಗೆ ಹೊಳೆಯುವುದೇ ಇಲ್ಲ, ನನಗೂ ಹೊಳೆದಿರಲಿಲ್ಲ. ಮೇಲಾಗಿ, ಎಷ್ಟೋ ಸ್ಮರಣಾರ್ಥ ಆವೃತ್ತಿಗಳ ಒಳಗೆ ಇರುವುದು ಸಾಮಾನ್ಯ ಮಾದರಿಯ ಯಂತ್ರವೇ. ಬದಲಾಗಿರುವುದು ಡಯಲ್‌ನ ಬಣ್ಣ, ಪಟ್ಟಿ ಮತ್ತು ಲಾಂಛನ ಮಾತ್ರ, ಮತ್ತು ಕೂಟ ಮುಗಿದ ಮೇಲೆ ಕೊಳ್ಳುವವರನ್ನು ದೂರ ಓಡಿಸುವುದೂ ಅದೇ ಲಾಂಛನ.

ನನಗೆ ಅಂದು ಅಂಗಡಿಯವರು ಹೇಳಿದ ಕಥೆ ಹಾಲಿವುಡ್ ನಟ ಪಾಲ್ ನ್ಯೂಮನ್ ಅವರ ರೋಲೆಕ್ಸ್ ಡೇಟೋನಾ ಕೈಗಡಿಯಾರದ್ದು. ಅದು 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1.77 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಹೋದದ್ದು ನಿಜ. ಆದರೆ ಅದು ಸೀಮಿತ ಆವೃತ್ತಿಯೇ ಆಗಿರಲಿಲ್ಲ ಎಂಬುದನ್ನು ಯಾರೂ ಹೇಳಲಿಲ್ಲ. ಅದರಲ್ಲಿದ್ದ ಬಗೆಯ ಡಯಲ್‌ಗೆ ಅದು ಬಂದ ಕಾಲದಲ್ಲಿ ಬೇಡಿಕೆ ಇರಲಿಲ್ಲವಾದ್ದರಿಂದಲೇ ಅಂಥವು ಮುಂದೆ ವಿರಳವಾದವು. ಆ ಒಂದು ಗಡಿಯಾರಕ್ಕೆ ಅಷ್ಟು ಬೆಲೆ ಬಂದದ್ದು ಅದು ಆ ನಟನ ಕೈಯಲ್ಲೇ ಇದ್ದದ್ದರಿಂದ. ಇಂಥ ಕಥೆಯನ್ನು ಮುಂದಿಟ್ಟು ಬೇರೆಯವರ ಉಳಿತಾಯದ ಹಣಕ್ಕೆ ಕೈಹಾಕುವುದು ಮೋಸವೆಂದೇ ನಾನು ಹೇಳುತ್ತೇನೆ.

ಪೆಟ್ಟಿಗೆ, ಗ್ಯಾರಂಟಿ ಕಾರ್ಡ್, ರಸೀದಿ ಎಲ್ಲವನ್ನೂ ನಾನು ಜೋಪಾನ ಮಾಡಿದ್ದೆ, ಮೂಲ ರೂಪ ಕೆಡಬಾರದೆಂದು ಪಾಲಿಶ್ ಕೂಡ ಮಾಡಿಸಿರಲಿಲ್ಲ. ಆದರೂ ಸರ್ವಿಸ್ ಬಾಕಿಯಿದೆ ಎಂದು ಒಂದಷ್ಟು ಕಳೆದರು, ಪಟ್ಟಿ ಸವೆದಿದೆ ಎಂದು ಇನ್ನಷ್ಟು ಕಳೆದರು. ಅಂತರ್ಜಾಲದಲ್ಲಿ ಇದೇ ಗಡಿಯಾರಕ್ಕೆ ದೊಡ್ಡ ಮೊತ್ತ ಕಾಣುತ್ತದಲ್ಲ ಎಂದು ಕೇಳಿದರೆ, ಅದು ಮಾರುವವರು ಕೇಳುವ ಬೆಲೆಯೇ ಹೊರತು ಮಾರಾಟವಾದ ಬೆಲೆಯಲ್ಲ ಎಂದರು. ಈ ತಿಳಿವಳಿಕೆಯನ್ನು ನಾನು ಕೊಳ್ಳುವ ದಿನವೇ ಹೇಳಬೇಕಿತ್ತು.

ಹೂಡಿಕೆ ಎಂದು ಬಾಯಲ್ಲಿ ಹೇಳುವವರು, ಐದು ವರ್ಷಗಳ ನಂತರ ಇಂತಿಷ್ಟಕ್ಕೆ ಮರಳಿ ಕೊಳ್ಳುತ್ತೇವೆ ಎಂದು ರಸೀದಿಯ ಮೇಲೂ ಬರೆದುಕೊಡಲಿ. ಅದೇ ಕಪಾಟಿನಲ್ಲಿದ್ದ ಹೊಸ ಸ್ಮರಣಾರ್ಥ ಗಡಿಯಾರವನ್ನು ತೋರಿಸಿ, ಇದಕ್ಕೆ ಹಾಗೆ ಬರೆದುಕೊಡುತ್ತೀರಾ ಎಂದು ಕೇಳಿದೆ. ಅವರು ಉತ್ತರಿಸಲಿಲ್ಲ. ಗಡಿಯಾರವನ್ನು ಮಾರದೆ ಹಿಂದಕ್ಕೆ ತಂದಿದ್ದೇನೆ.