21 ದಿನದ ಲೆಕ್ಕ ಯಾರು ಕೊಟ್ಟರು?

ಜನವರಿ ಬಂದರೆ ಸಾಕು, ನಮ್ಮ ಕೊಪ್ಪಳದ ವಾಟ್ಸಾಪ್ ಗ್ರೂಪುಗಳಲ್ಲಿ 21 ದಿನದ ಚಾಲೆಂಜ್ ಶುರು: ಯಾವುದನ್ನೇ ಆಗಲಿ 21 ದಿನ ಬಿಡದೆ ಮಾಡಿದರೆ ರೂಢಿಯಾಗಿಬಿಡುತ್ತದಂತೆ. ಬೆಳಿಗ್ಗೆ ಐದಕ್ಕೆ ಏಳುವುದು, ಸಕ್ಕರೆ ಬಿಡುವುದು, ಧ್ಯಾನ, ಡೈರಿ. ಮೊದಲ ವಾರ ಎಲ್ಲರ ಫೋಟೊ ಬರುತ್ತವೆ. ಗವಿಸಿದ್ಧೇಶ್ವರ ಜಾತ್ರೆ ಮುಗಿಯುವಷ್ಟರಲ್ಲಿ ಗ್ರೂಪ್ ಮತ್ತೆ ಗುಡ್ ಮಾರ್ನಿಂಗ್ ಹೂವಿಗೆ ವಾಪಸ್. ಆಮೇಲೆ ಎಲ್ಲರದೂ ಒಂದೇ ಮಾತು: "ನಮ್ಮಂಥವರಿಗೆ ಇದೆಲ್ಲಾ ಆಗೂದಿಲ್ಲ ಬಿಡ್ರಿ."

ಈ ಮಾತಿನ ಮೇಲೆಯೇ ನನ್ನ ತಕರಾರು. ಜನರ ಬಗ್ಗೆ ಅನುಮಾನ ಪಡುವ ಮೊದಲು ಆ 21ರ ಬಗ್ಗೆ ಅನುಮಾನ ಪಡಬೇಕಲ್ವಾ?

1960ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಒಬ್ಬರು, ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಎಂದು ಬರೆದರು. ಬಾಯಿಂದ ಬಾಯಿಗೆ ಹೋಗುವಾಗ 'ಕಡಿಮೆ ಅಂದರೂ' ಬಿದ್ದುಹೋಯಿತು, 21 ಉಳಿಯಿತು. ಮುಂದೆ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿದರು. ದಿನಾ ಒಂದೇ ಹೊತ್ತಿಗೆ, ತಿಂಡಿ ಆದ ಮೇಲೆ ಅನ್ನುವ ಹಾಗೆ, ಒಂದು ಸಣ್ಣ ಕೆಲಸ ಮಾಡುವುದು. ಅದು ರೂಢಿಯಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254ರವರೆಗೂ ಬೇಕು ಎಂದು ಲೆಕ್ಕ ಬಂತು. ನನಗೆ ಹಿಡಿಸಿದ್ದು ಇನ್ನೊಂದು: ನಡುವೆ ಒಂದು ದಿನ ತಪ್ಪಿದರೆ ಅಂಥ ವ್ಯತ್ಯಾಸವೇನೂ ಆಗಲಿಲ್ಲ.

ಇಷ್ಟಕ್ಕೆ ಲಂಡನ್‌ಗೆ ಹೋಗಬೇಕಿರಲಿಲ್ಲ ಬಿಡಿ. ನಮ್ಮ ಗವಿಮಠದ ಗುಡ್ಡದಲ್ಲೇ 2,200 ವರ್ಷಕ್ಕೂ ಹಳೆಯ ಅಶೋಕನ ಶಾಸನವಿದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅದರಲ್ಲಿ ಅವನು ಹೇಳುವುದು ಹೆಚ್ಚು ಕಡಿಮೆ ಹೀಗೆ: ನಾನು ಉಪಾಸಕನಾಗಿ (ಬುದ್ಧನನ್ನು ನಂಬಿದ ಗೃಹಸ್ಥನಾಗಿ) ಎರಡೂವರೆ ವರ್ಷ ಆಯಿತು, ಆದರೆ ಒಂದು ವರ್ಷ ಅಷ್ಟೇನೂ ಶ್ರಮ ಪಡಲಿಲ್ಲ. ಸಂಘದ, ಅಂದರೆ ಬೌದ್ಧ ಭಿಕ್ಷುಗಳ, ಹತ್ತಿರ ಹೋದ ಮೇಲೆ, ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ, ಚೆನ್ನಾಗಿ ಶ್ರಮ ಪಟ್ಟಿದ್ದೇನೆ. ಇದು ದೊಡ್ಡವರಿಗೆ ಮಾತ್ರ ದಕ್ಕುವಂಥದ್ದಲ್ಲ, ಸಣ್ಣವರಿಗೂ ಸಾಧ್ಯ. ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೂ ಇದೇ ಧಾಟಿಯ ಮಾತಿದೆ. (1915ರಲ್ಲಿ ಸಿಕ್ಕ ಆ ಶಾಸನ ಪ್ರಸಿದ್ಧವಾದದ್ದು ಅದರಲ್ಲಿ ಅಶೋಕ ಅನ್ನುವ ಹೆಸರೇ ಇದ್ದದ್ದಕ್ಕೆ. ಹೆಸರಿನ ಗದ್ದಲದಲ್ಲಿ ಒಳಗಿನ ಮಾತು ಓದಿದವರು ಕಡಿಮೆ.) ಚಕ್ರವರ್ತಿಯೇ ಒಂದು ವರ್ಷ ಸುಮ್ನೆ ಹೋಯಿತು ಎಂದು ಕಲ್ಲಿನ ಮೇಲೆ ಬರೆಸುತ್ತಾನೆ. ನಾವು ಮಂಗಳವಾರ ಎದ್ದೇಳಲಿಲ್ಲ ಎಂದು ಬುಧವಾರ ಗ್ರೂಪ್ ಬಿಡುತ್ತೇವೆ!

ಇನ್ನು ಈ ಐದು ಗಂಟೆಯ ಹುಚ್ಚು. ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರು ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಮಾಳಿಗೆ ಮೇಲೆ ಮಲಗಿದರೂ ನಿದ್ದೆ ಹತ್ತುವುದು ನಡುರಾತ್ರಿಗೆ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ನೈಟ್ ಶಿಫ್ಟ್ ಮಾಡುವವರು ಐದಕ್ಕೆ ಇನ್ನೂ ಡ್ಯೂಟಿಯಲ್ಲೇ ಇರುತ್ತಾರೆ. ನಸುಕಿಗೆ ನಳ ಬರುವ ದಿನ ಮನೆಯ ಹೆಣ್ಣುಮಕ್ಕಳಿಗೆ ಧ್ಯಾನಕ್ಕೆ ಕೂತ್ಕೊಳ್ಳಿ ಅಂದರೆ, ಕೊಡ ಯಾರು ತುಂಬಬೇಕು? ಎಸಿ ರೂಮಿನಲ್ಲಿ ಕೂತು ರೀಲ್ಸ್ ಮಾಡುವವರಿಗೆ ಇದು ಹೊಳೆಯುವುದಿಲ್ಲ.

ನಮ್ಮ ಅವ್ವನನ್ನು ನೋಡಿ. ಲಿಂಗಪೂಜೆ ಆಗದೆ ಚಾ ಮುಟ್ಟುವುದಿಲ್ಲ. ಎಡಗೈಯಲ್ಲಿ ಇಷ್ಟಲಿಂಗ, ಕಣ್ಣು ಅದರ ಮೇಲೆ. ಜ್ವರ ಬಂದರೆ ಬೇಗ ಮುಗಿಸುತ್ತಾಳೆ, ಮದುವೆ ಮನೆಯಲ್ಲಿದ್ದರೆ ಒಂದು ಮೂಲೆ ಹುಡುಕಿಕೊಳ್ಳುತ್ತಾಳೆ. ಗಂಟೆ ಎಷ್ಟಾದರೂ ಸರಿ. ನೆನಪಿಸಲು ಅವಳಿಗೆ ಆಪ್ ಬೇಕಿಲ್ಲ, ಚಾ ಇದೆ.

ಅವಳನ್ನು ನೋಡಿ ನಾನೂ ಒಂದು ಹಿಡಿದುಕೊಂಡಿದ್ದೇನೆ. ತಟ್ಟೆಗೆ ರೊಟ್ಟಿ ಬಂತೆಂದರೆ ಮೊಬೈಲ್ ಬೇರೆ ಕೋಣೆಗೆ. ಮೊದಮೊದಲು ಕೈ ತಾನೇ ಜೇಬು ಹುಡುಕುತ್ತಿತ್ತು, ಈಗ ಜಾಸ್ತಿ ಇಲ್ಲ. ಪಲ್ಯಕ್ಕೆ ಉಪ್ಪು ಹೆಚ್ಚಾದದ್ದೂ ಗೊತ್ತಾಗುತ್ತದೆ, ಅದೊಂದು ತೊಂದರೆ. ಕ್ರಿಕೆಟ್ ಮ್ಯಾಚ್ ಇದ್ದ ದಿನ ಮಾತ್ರ ನಿಯಮ ತಪ್ಪುತ್ತದೆ. ಆಗ ಅವ್ವ ಬೈಯುತ್ತಾಳೆ: "ಮದ್ಲ ಉಣ್ಣು, ಆಮ್ಯಾಲ ನೋಡೀಯಂತ."