ಎರಡನೆಯ ಹೆರಿಗೆಗೂ ತರಗತಿ ಬೇಕೆ?

ಒಮ್ಮೆ ಹೆತ್ತವರಿಗೆ ಪ್ರಸವಪೂರ್ವ ತರಗತಿ, ಅಂದರೆ ಹೆರಿಗೆಗೆ ಮುನ್ನ ಅದಕ್ಕೆ ಸಿದ್ಧಗೊಳಿಸುವ ಪಾಠ, ಅನಗತ್ಯ ಎಂದು ಲೇಖನವೊಂದರಲ್ಲಿ ಓದಿದೆ. ಆ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಕೂಸಿಗೆ ಬಟ್ಟೆ ಸುತ್ತುವುದನ್ನು ಮತ್ತೆ ಕಲಿಯಬೇಕಾಗಿಲ್ಲ, ನಿಜ. ಆದರೆ ಎರಡನೆಯ ಹೆರಿಗೆ ಮೊದಲನೆಯದರ ಪಡಿಯಚ್ಚಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯಂತೆ, ಗರ್ಭಕಂಠ (ಗರ್ಭಕೋಶದ ಬಾಯಿ) 5 ಸೆಂಟಿಮೀಟರ್ ತೆರೆದಲ್ಲಿಂದ ಪೂರ್ತಿ ತೆರೆಯುವವರೆಗಿನ ಸಕ್ರಿಯ ಹಂತವು ಚೊಚ್ಚಲ ಹೆರಿಗೆಯಲ್ಲಿ ಸಾಮಾನ್ಯವಾಗಿ 12 ಗಂಟೆಗಳನ್ನೂ, ಮುಂದಿನವುಗಳಲ್ಲಿ 10 ಗಂಟೆಗಳನ್ನೂ ಮೀರುವುದಿಲ್ಲ. ಎಷ್ಟೋ ಸಲ ಇನ್ನೂ ಬೇಗ ಮುಗಿಯುತ್ತದೆ. ಹಾಗಾಗಿ ಮೊದಲ ಸಲದಂತೆ ನೋವು ಬಲಿಯಲೆಂದು ಮನೆಯಲ್ಲೇ ಕಾದು ಕುಳಿತರೆ ಆಸ್ಪತ್ರೆ ತಲುಪಲು ಸಮಯ ಸಾಲದೆ ಹೋಗಬಹುದು.

ನನಗೆ ಮೊದಲನೆಯದು, ನೋವು ಆರಂಭವಾಗುವ ಮುನ್ನವೇ ಮಾಡಿದ ಸಿಸೇರಿಯನ್. ಎರಡನೆಯ ಸಲ ಸಹಜ ಹೆರಿಗೆಗೆ ಪ್ರಯತ್ನಿಸಬಹುದೆಂದು ವೈದ್ಯರು ಹೇಳಿದಾಗ, ತಾಯಿಯಾಗಿದ್ದರೂ ಈ ವಿಷಯದಲ್ಲಿ ನಾನು ಹೊಸಬಳೇ ಎಂಬುದು ಅರಿವಾಯಿತು. ಪೂರ್ಣ ಕೋರ್ಸ್ ಬಿಟ್ಟು ಒಂದೇ ದಿನದ ತರಗತಿಗೆ ಹೋದೆವು. ಕುರ್ಚಿಯ ಬೆನ್ನು ಹಿಡಿದು ಮುಂದಕ್ಕೆ ಬಾಗಿ, ನೋವಿನ ಅಲೆ ಏರುವಾಗ ಉಸಿರನ್ನು ನಿಧಾನವಾಗಿ ಬಿಡುವುದನ್ನು ಅಲ್ಲಿ ಅಭ್ಯಾಸ ಮಾಡಿದೆ. ಸೊಂಟವನ್ನು ಎಲ್ಲಿ ಒತ್ತಬೇಕೆಂದು ಪತಿ ಕಲಿತರು (ಮೊದಲ ಸಲ ಪಾಪ, ಅವರಿಗೆ ಹೊರಗೆ ನಿಲ್ಲುವುದಷ್ಟೇ ಕೆಲಸವಾಗಿತ್ತು). ಹಾಲೂಡಿಸುವಾಗ ಹೊಟ್ಟೆ ಹಿಂಡುವ ನೋವು ಎರಡನೆಯ ಬಾಣಂತನದಲ್ಲಿ ಹೆಚ್ಚೆಂಬುದನ್ನೂ ಅಲ್ಲಿಯೇ ಕೇಳಿದ್ದರಿಂದ, ಅದು ಬಂದಾಗ ಗಾಬರಿಯಾಗಲಿಲ್ಲ.